ದೇವರ ಎತ್ತಿನ ಸೀಮೆಯಲ್ಲಿ ಮೊಲದ ಕಣ್ಣಿನ ಮಾತು

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಮ್ಯಾಸನಾಯಕ ಸಮುದಾಯದ ಹಟ್ಟಿಗಳಲ್ಲಿ ದೇವರ ಎತ್ತುಗಳಿವೆ. ಅವುಗಳ ಹೆಗಲಿಗೆ ನೊಗ ಇಡುವುದಿಲ್ಲ, ಅವನ್ನು ಮಾರುವುದಿಲ್ಲ. ಮಳೆ ಕೈಕೊಟ್ಟ ವರ್ಷ ಮನೆಮಂದಿಗೇ ತತ್ವಾರವಾದರೂ ಅವುಗಳನ್ನು ಕಾಯುವ ಕಿಲಾರಿಗಳು ಮೇವು ಹುಡುಕಿಕೊಂಡು ಅವುಗಳ ಹಿಂದೆ ಅಲೆಯುತ್ತಾರೆ. ದುಡಿಯದ ದನವನ್ನೂ ಸಾಕಬೇಕೆಂಬುದು ಇಲ್ಲಿನ ಕಟ್ಟಳೆ.

ಇದೇ ಸೀಮೆಯ ಅಂಗಡಿಗಳಿಗೆ ಬರುವ ಕ್ರೀಮು, ಶಾಂಪೂ, ತುಟಿಬಣ್ಣಗಳ ಉದ್ಯಮ ಬೆಳೆದದ್ದು ಬೇರೊಂದು ಕಟ್ಟಳೆಯ ಮೇಲೆ. 1944ರಲ್ಲಿ ಅಮೆರಿಕದ ಜಾನ್ ಡ್ರೇಜ್ ರೂಪಿಸಿದ ಪರೀಕ್ಷೆಯಲ್ಲಿ ರಾಸಾಯನಿಕವನ್ನು ಮೊಲದ ಕಣ್ಣಿಗೆ ಹಾಕಿ, ಕಣ್ಣು ಎಷ್ಟು ಕೆಂಪಾಯಿತು, ಎಷ್ಟು ಊದಿತು ಎಂದು ದಿನಗಟ್ಟಲೆ ನೋಡಿ ಅಂಕ ಹಾಕುತ್ತಿದ್ದರು. ಕಣ್ಣುಜ್ಜಿಕೊಳ್ಳದಂತೆ ಮೊಲದ ಕುತ್ತಿಗೆಯನ್ನು ಚೌಕಟ್ಟಿನಲ್ಲಿ ಬಿಗಿಯುವುದೂ ಇತ್ತು. ಔಷಧಿಯಾದರೆ ರೋಗಿಯ ಪ್ರಾಣದ ಮಾತು ಬರುತ್ತದೆ. ತುಟಿಬಣ್ಣಕ್ಕಾಗಿ ಇಷ್ಟು ನೋವೇ?

ಭಾರತ 2014ರ ಮೇ ತಿಂಗಳಲ್ಲಿ ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ನಿಷೇಧಿಸಿತು. ಅದೇ ವರ್ಷದ ನವೆಂಬರ್‌ನಿಂದ ಹಾಗೆ ಪರೀಕ್ಷಿಸಿದ ಸರಕಿನ ಆಮದಿಗೂ ತಡೆ ಬಿತ್ತು. ಮನುಷ್ಯರ ಜೀವಕೋಶಗಳಿಂದಲೇ ಬೆಳೆಸಿದ ಚರ್ಮದ ಪದರದ ಮೇಲೆ ಈಗ ಉರಿಯ ಪರೀಕ್ಷೆ ಮಾಡಬಹುದು. ಆದರೂ ಕಿಂಡಿಗಳು ಉಳಿದಿವೆ. ಶಾಂಪೂವಿನಲ್ಲಿರುವ ರಾಸಾಯನಿಕವೇ ಬೇರೆ ಬಳಕೆಗಾಗಿ, ಬೇರೆ ಕಾನೂನಿನಡಿ ಪ್ರಾಣಿಗಳ ಮೇಲೆ ಪ್ರಯೋಗವಾಗಿರಬಹುದು. ಪ್ರಾಣಿಗಳ ಮೇಲೆ ಪರೀಕ್ಷಿಸಿಲ್ಲವೆಂದು ಸಾರಲು ಡಬ್ಬಿಯ ಮೇಲೆ ಹಾಕುವ ಮೊಲದ ಚಿತ್ರಗಳೂ ಒಂದೇ ತೂಕದವಲ್ಲ. ‘ಲೀಪಿಂಗ್ ಬನ್ನಿ’ ಚಿಹ್ನೆ ಬೇಕಾದರೆ ಕಂಪನಿ ತನಗೆ ಕಚ್ಚಾವಸ್ತು ಕೊಡುವವರ ಲೆಕ್ಕವನ್ನೂ ಒಪ್ಪಿಸಬೇಕು, ಸ್ವತಂತ್ರ ತಪಾಸಣೆಗೆ ಒಳಪಡಬೇಕು. ಯಾವ ಸಂಸ್ಥೆಯ ಹೆಸರೂ ಇಲ್ಲದ ಮೊಲದ ಚಿತ್ರದ ಹಿಂದೆ ಕಂಪನಿಯ ಮಾತಷ್ಟೇ ಇರುತ್ತದೆ.

ಮೊಳಕಾಲ್ಮೂರಿಗೆ ಇನ್ನೂ ಹತ್ತಿರದ ಪ್ರಶ್ನೆಯೊಂದಿದೆ. ಇಲ್ಲಿನ ಸೀರೆಗೆ ಹೆಸರು ತಂದ ರೇಷ್ಮೆ, ಗೂಡಿನೊಳಗಿನ ಹುಳು ಸತ್ತ ಮೇಲೆ ಬಿಚ್ಚಿದ ನೂಲು. ರೇಷ್ಮೆಯ ಪ್ರೋಟೀನು ಶಾಂಪೂ, ಕ್ರೀಮುಗಳಿಗೂ ಸೇರುತ್ತದೆ. ಪ್ರಾಣಿಗಳ ಮೇಲೆ ಪರೀಕ್ಷಿಸಿಲ್ಲವೆಂಬ ಚಿಹ್ನೆ ಆ ಹುಳುವಿನ ಲೆಕ್ಕ ಹೇಳುವುದಿಲ್ಲ. ಅದಕ್ಕೆ, ಪ್ರಾಣಿಗಳಿಂದ ಪಡೆದ ಯಾವುದೂ ಇಲ್ಲವೆನ್ನುವ ‘ವೀಗನ್’ ಎಂಬ ಬೇರೆ ಗುರುತನ್ನೇ ನೋಡಬೇಕು. ಮಗ್ಗ ನಂಬಿದವರ ಅನ್ನದ ಪ್ರಶ್ನೆಯನ್ನು ನಾನು ಶಾಂಪೂ ಬಾಟಲಿಯ ಜೊತೆ ತೂಗಲಾರೆ. ನೇಕಾರರಿಗೆ ಬೇರೆ ದಾರಿ ಸುಲಭವಲ್ಲ, ಕೊಳ್ಳುವ ನಮಗೆ ಇದೆ. ತಲೆಗೆ ಸೀಗೆಕಾಯಿ, ಅಂಟುವಾಳ ಈಗಲೂ ಸಿಗುತ್ತವೆ. ಬಾಟಲಿಯೇ ಬೇಕೆನ್ನುವವರು ಕಂಪನಿಗೆ ಒಂದು ಪತ್ರ ಬರೆಯಲಿ: ನಿಮ್ಮ ಕಚ್ಚಾವಸ್ತುವನ್ನು ಪರೀಕ್ಷಿಸಿದವರು ಯಾರು, ಯಾವುದರ ಮೇಲೆ, ಯಾವ ದೇಶದ ಮಾರುಕಟ್ಟೆಗಾಗಿ?