ಡಬ್ಬಿ ಮೇಲಿನ 255 ನಂಬಬೇಡಿ

ಕಳೆದ ರಜೆಯಲ್ಲಿ ಸೀನಿಯರ್ ಒಬ್ಬರ ಜೊತೆ ಒಂದು ಗ್ಯಾರೇಜಿಗೆ ಹೋಗಿದ್ದೆ. ಅಲ್ಲಿ ಮೇಜಿನ ಮೇಲೆ ಒಂದು ಪಿಸ್ಟನ್ ಇತ್ತು. ಅದರ ಒಂದು ಅಂಚು ಮೇಣದ ಥರ ಕರಗಿ ಹೋಗಿತ್ತು. ಆ ಕಾರಿಗೆ ದೊಡ್ಡ ಟರ್ಬೊ, ದೊಡ್ಡ ಇಂಜೆಕ್ಟರ್, ಹೊಸ ಟ್ಯೂನ್ ಎಲ್ಲಾ ಹಾಕಿಸಿದ್ರಂತೆ. ಫ್ಯೂಯೆಲ್ ಪಂಪ್ ಮಾತ್ರ ಹಳೇದೇ. (ಪಂಪ್ ಅಂದ್ರೆ ಬಂಕ್ ಅಲ್ಲ, ಟ್ಯಾಂಕ್ ಒಳಗೆ ಕೂತಿರೋ ಪುಟ್ಟ ಮೋಟಾರ್!)

ಪೆಟ್ರೋಲ್ ಕಮ್ಮಿ ಬಂದ್ರೆ ಪವರ್ ಕಮ್ಮಿ ಆಗುತ್ತೆ, ಅಷ್ಟೇ ತಾನೇ ಅಂತ ನಾನು ಅಂದುಕೊಂಡಿದ್ದೆ. ಟರ್ಬೊ ಎಂಜಿನ್‌ನಲ್ಲಿ ಅಷ್ಟಕ್ಕೇ ಮುಗಿಯಲ್ಲ. ಲೆಕ್ಕದ ಪ್ರಕಾರ 1 ಕೆಜಿ ಪೆಟ್ರೋಲ್ ಸುಡೋಕೆ 14.7 ಕೆಜಿ ಗಾಳಿ ಸಾಕು. ಆದ್ರೆ ಫುಲ್ ಬೂಸ್ಟ್‌ನಲ್ಲಿ ಬೇಕಂತಲೇ ಹೆಚ್ಚು ಪೆಟ್ರೋಲ್ ಹಾಕ್ತಾರೆ. ಆ ಹೆಚ್ಚುವರಿ ಪೆಟ್ರೋಲ್ ಆವಿಯಾಗುವಾಗ ಸಿಲಿಂಡರನ್ನು ತಂಪಾಗಿಡುತ್ತೆ. ಅದು ಸಿಗದಿದ್ರೆ ನಾಕಿಂಗ್ ಶುರು, ಆಮೇಲೆ ಪಿಸ್ಟನ್ ಗತಿ ಮೇಜಿನ ಮೇಲೆ.

ಹಾಗಾದ್ರೆ ಎಷ್ಟು ದೊಡ್ಡ ಪಂಪ್ ಬೇಕು? ಟೊಯೊಟಾ ಸುಪ್ರಾದ 3 ಲೀಟರ್ 2ಜೆಝಡ್-ಜಿಟಿಇ ಎಂಜಿನ್ ತಗೊಳ್ಳೋಣ. ಅಮೆರಿಕದಲ್ಲಿ ಮಾರಿದ ಮಾಡೆಲ್ ಸುಮಾರು 320 ಎಚ್‌ಪಿ ಕೊಡ್ತಿತ್ತು. ನಮಗೆ 1.5 ಬಾರ್ ಬೂಸ್ಟ್‌ನಲ್ಲಿ, ಚಕ್ರದ ಹತ್ತಿರ 500 ಎಚ್‌ಪಿ ಬೇಕು ಅಂತಿಟ್ಕೊಳ್ಳಿ.

ಮೊದಲನೇ ಹೆಜ್ಜೆ: ಗೇರ್‌ಬಾಕ್ಸ್, ಡಿಫರೆನ್ಷಿಯಲ್‌ನಲ್ಲಿ ಸುಮಾರು ಶೇ. 15 ನಷ್ಟ. ಅಂದ್ರೆ ಎಂಜಿನ್ 500 ÷ 0.85 = 588 ಎಚ್‌ಪಿ ಕೊಡಬೇಕು.

ಎರಡನೇ ಹೆಜ್ಜೆ: ಒಂದು ಎಚ್‌ಪಿಗೆ ಗಂಟೆಗೆ ಎಷ್ಟು ಪೆಟ್ರೋಲ್ ಬೇಕು ಅನ್ನೋದಕ್ಕೆ ಬಿಎಸ್‌ಎಫ್‌ಸಿ ಅಂತಾರೆ. ಟರ್ಬೊ ಎಂಜಿನ್‌ಗೆ ಸಾಮಾನ್ಯವಾಗಿ 270 ಗ್ರಾಂ ಹಿಡಿಯಬಹುದು. 588 × 0.27 = ಗಂಟೆಗೆ ಸುಮಾರು 159 ಕೆಜಿ. ಲೀಟರಿಗೆ 0.75 ಕೆಜಿ ಅಂದ್ರೆ 212 ಲೀಟರ್.

ಮೂರನೇ ಹೆಜ್ಜೆ: ಬಿಸಿಲು, ಹಳೇ ಫಿಲ್ಟರ್, ಪಂಪಿನ ವಯಸ್ಸು ಇದಕ್ಕೆಲ್ಲಾ ಶೇ. 20 ಸೇರಿಸಿ. 254 ಲೀಟರ್.

ಮಾರ್ಕೆಟ್‌ನಲ್ಲಿ 255 ಲೀಟರ್ ಅಂತ ಬರೆದಿರೋ ಪಂಪ್ ಸುಲಭವಾಗಿ ಸಿಗುತ್ತೆ. ಮುಗೀತಲ್ಲ, ಆರ್ಡರ್ ಮಾಡೋಣ್ವಾ? ಎಲ್ಲರೂ ಎಡವೋದು ಇಲ್ಲೇ.

ನಮ್ಮ ಹಾಸ್ಟೆಲನ್ನೇ ನೋಡಿ. ಮೋಟಾರ್ ಒಂದೇ, ಆದ್ರೆ ನೆಲಮಹಡಿ ಟ್ಯಾಂಕ್ ತುಂಬೋ ವೇಗದಲ್ಲಿ ಮೇಲಿನ ಟ್ಯಾಂಕ್ ತುಂಬಲ್ಲ. ಮೇಲಕ್ಕೆ ತಳ್ಳಬೇಕಾದಷ್ಟೂ ನೀರು ಕಮ್ಮಿ. ಫ್ಯೂಯೆಲ್ ಪಂಪ್ ಕಥೆಯೂ ಇದೇ. 255 ಅನ್ನೋ ಸಂಖ್ಯೆ ಸಾಮಾನ್ಯವಾಗಿ 3 ಬಾರ್ ಆಸುಪಾಸಿನ ಒತ್ತಡದಲ್ಲಿ ಅಳೆದದ್ದು.

ನಮ್ಮ ಎಂಜಿನ್‌ನಲ್ಲಿ ಒತ್ತಡ ಎಷ್ಟು? ಇಂಜೆಕ್ಟರ್ ಪೆಟ್ರೋಲ್ ಚಿಮ್ಮಿಸೋದು ಇಂಟೇಕ್ ಪೋರ್ಟ್‌ಗೆ. ಅಲ್ಲಿ 1.5 ಬಾರ್ ಬೂಸ್ಟ್ ವಾಪಸ್ ತಳ್ತಾ ಇರುತ್ತೆ. ಇಂಜೆಕ್ಟರ್‌ನ ಎರಡೂ ಕಡೆಯ ವ್ಯತ್ಯಾಸ ಯಾವಾಗಲೂ 3 ಬಾರ್ ಇರಲಿ ಅಂತ ರೆಗ್ಯುಲೇಟರ್ ಬೂಸ್ಟ್ ಏರಿದಷ್ಟೇ ಪೆಟ್ರೋಲ್ ಒತ್ತಡವನ್ನೂ ಏರಿಸುತ್ತೆ. 3 + 1.5 = 4.5 ಬಾರ್. ಈ ಒತ್ತಡದಲ್ಲಿ ಆ ಪಂಪ್ 255 ಕೊಡೋದಿಲ್ಲ. ಎಂಜಿನ್ ಅತಿ ಹೆಚ್ಚು ಕೇಳೋ ಹೊತ್ತಲ್ಲೇ ಪಂಪ್ ಅತಿ ಕಮ್ಮಿ ಕೊಡುತ್ತೆ. ಊರೊಳಗೆ ಓಡಿಸುವಾಗ ಏನೂ ಗೊತ್ತಾಗಲ್ಲ, ಫುಲ್ ಥ್ರಾಟಲ್‌ನಲ್ಲಿ ಗೊತ್ತಾಗುತ್ತೆ.

ಇನ್ನೊಂದು ಮಾತು, ಎಲೆಕ್ಟ್ರಿಕಲ್ ಗೆಳೆಯರಿಗೆ. ಪಂಪ್ 15 ಆಂಪಿಯರ್ ಎಳೀತಿದೆ, ಹಳೇ ವೈರಿಂಗ್‌ನ ರೆಸಿಸ್ಟೆನ್ಸ್ 0.1 ಓಮ್ ಅಂದ್ರೆ 1.5 ವೋಲ್ಟ್ ದಾರಿಯಲ್ಲೇ ಹೋಯ್ತು. ಬ್ಯಾಟರಿ ಹತ್ತಿರ 13.5 ಇದ್ರೂ ಪಂಪಿಗೆ ಸಿಗೋದು 12. ಮೋಟಾರ್ ನಿಧಾನ ಆಗುತ್ತೆ, ಹರಿವು ಇನ್ನೂ ಇಳಿಯುತ್ತೆ. ಅದಕ್ಕೇ ದಪ್ಪ ವೈರ್, ಬೇರೆ ರಿಲೇ ಹಾಕಿ ಬ್ಯಾಟರಿಯಿಂದ ನೇರವಾಗಿ ಸಪ್ಲೈ ಕೊಡ್ತಾರೆ. ಜೊತೆಗೆ ನಮ್ಮ ಬಂಕ್‌ಗಳಲ್ಲಿ ಈಗ ಇ20. ಎಥೆನಾಲ್‌ನಲ್ಲಿ ಶಕ್ತಿ ಕಮ್ಮಿ, ಹಾಗಾಗಿ ಅದೇ ಪವರ್‌ಗೆ ಸುಮಾರು ಶೇ. 8 ಹೆಚ್ಚು ಬೇಕು. ನಮ್ಮ 254 ಈಗ 274 ಆಯ್ತು.

ಸರಿ, ಎಲ್ಲಕ್ಕಿಂತ ದೊಡ್ಡ ಪಂಪೇ ಹಾಕಿದ್ರೆ? ಅದೂ ಬೇಡ. ಐಡಲ್‌ನಲ್ಲಿ ಹೆಚ್ಚಾದ ಪೆಟ್ರೋಲ್ ಎಲ್ಲಾ ಟ್ಯಾಂಕಿಗೆ ವಾಪಸ್ ಬರಬೇಕು. ರಿಟರ್ನ್ ಪೈಪ್ ಸಣ್ಣದಿದ್ರೆ ಒತ್ತಡ ಇಳಿಯೋದೇ ಇಲ್ಲ, ಮೇಲಾಗಿ ಸುತ್ತಿ ಸುತ್ತಿ ಪೆಟ್ರೋಲ್ ಬಿಸಿಯಾಗುತ್ತೆ.

ಆದ್ದರಿಂದ ಡಬ್ಬಿ ನೋಡಬೇಡಿ, ಪಂಪಿನ ಗ್ರಾಫ್ ನೋಡಿ. ಅಡ್ಡಗೆರೆಯಲ್ಲಿ ಒತ್ತಡ, ಉದ್ದಗೆರೆಯಲ್ಲಿ ಹರಿವು, ಒಂದೊಂದು ವೋಲ್ಟೇಜಿಗೆ ಒಂದೊಂದು ಗೆರೆ. ನಿಮ್ಮ ಪಂಪಿಗೆ ನಿಜವಾಗಿ ಸಿಗೋ ವೋಲ್ಟೇಜಿನ ಗೆರೆ ಹಿಡಿದು 4.5 ಬಾರ್ ಹತ್ತಿರ ನೋಡಿ. ಅಲ್ಲಿ 274ಕ್ಕಿಂತ ಮೇಲಿದ್ರೆ ಆ ಪಂಪ್ ನಿಮ್ಮದು. ಹಾಕಿದ ಮೇಲೂ ಫ್ಯೂಯೆಲ್ ಪ್ರೆಶರ್ ಲಾಗ್ ಮಾಡಿ. ಬೂಸ್ಟ್ ಕಳೆದು ಉಳಿಯೋದು 3 ಬಾರ್‌ಗಿಂತ ಕೆಳಗೆ ಬೀಳೋಕೆ ಶುರುವಾದ್ರೆ ತಕ್ಷಣ ಕಾಲು ತೆಗೀರಿ.

ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಪಂಪ್ ಕರ್ವ್ ಬಂದಾಗ, ಹತ್ತು ಮಾರ್ಕ್ಸ್‌ಗೆ ಬರೆದು ಮರೆಯೋ ಚಿತ್ರ ಅಂತ ಅಂದುಕೊಂಡಿದ್ದೆ. ಈಗ ಆ ಗೆರೆ ನೋಡಿದಾಗೆಲ್ಲ ಆ ಕರಗಿದ ಪಿಸ್ಟನ್ ನೆನಪಾಗುತ್ತೆ.