ಇರುಳಿನ ಗಾಳಿಯೂ ಒಣಗಿದ ಬಾಯಿಯೂ

ನಿದ್ರೆಯಲ್ಲಿ ನಮ್ಮ ದೇಹದ ಅನೇಕ ವ್ಯಾಪಾರಗಳು ನಿಧಾನಗೊಳ್ಳುತ್ತವೆ. ಉಸಿರಾಟವು ಮಾತ್ರ ಒಂದು ನಿಮಿಷವೂ ಬಿಡುವಿಲ್ಲದೆ ನಡೆಯಬೇಕು. ಆದರೂ ಕೆಲವರಲ್ಲಿ ಅದು ರಾತ್ರಿಯೆಲ್ಲ ಮೇಲಿಂದ ಮೇಲೆ ನಿಂತುಹೋಗುವುದುಂಟು. ನಾವು ಎಚ್ಚರವಾಗಿರುವಾಗ ಗಂಟಲಿನ ಸುತ್ತಣ ಸ್ನಾಯುಗಳು ಬಿಗಿಯಾಗಿದ್ದು, ಗಾಳಿಯ ದಾರಿಯನ್ನು ತೆರೆದಿಟ್ಟಿರುತ್ತವೆ. ನಿದ್ರೆ ಹತ್ತಿದೊಡನೆ ಅವು ಸಡಿಲುತ್ತವೆ. ಗಂಟಲಿನ ದಾರಿ ಮೊದಲೇ ಕಿರಿದಾಗಿದ್ದವರಲ್ಲಿ ನಾಲಿಗೆಯ ಬುಡವೂ ಮೃದುವಾದ ಹಿಂದಂಗುಳವೂ ಕುಸಿದು ಆ ದಾರಿಯನ್ನು ಮುಚ್ಚಿಬಿಡುತ್ತವೆ. ಎದೆಯು ಉಸಿರೆಳೆಯಲು ಹೆಣಗುತ್ತದೆ, ಗಾಳಿ ಒಳಬರುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಆಗ ಮಿದುಳು ಅರೆಗಳಿಗೆ ಎಚ್ಚೆತ್ತು ಸ್ನಾಯುಗಳನ್ನು ಬಿಗಿಗೊಳಿಸುತ್ತದೆ. ದೊಡ್ಡದೊಂದು ಗೊರಕೆಯೊಡನೆ ಉಸಿರು ಮರಳುತ್ತದೆ. ಮಲಗಿದವರಿಗೆ ಇದಾವುದರ ನೆನಪೂ ಇರುವುದಿಲ್ಲ.

ಇದನ್ನು ನಿದ್ರಾ ಶ್ವಾಸಸ್ತಂಭನ ಎನ್ನಬಹುದು. ವೈದ್ಯರ ಮಾತಿನಲ್ಲಿ ಇದು ಸ್ಲೀಪ್ ಅಪ್ನಿಯ. ಉಸಿರು ೧೦ ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಕಾಲ ನಿಂತರೆ ಅದನ್ನು ಒಂದು ಸ್ತಂಭನವೆಂದು ಎಣಿಸುತ್ತಾರೆ. ಉಸಿರು ನಿಲ್ಲುವ ಅಥವಾ ತೀರ ಕುಗ್ಗುವ ಸಂದರ್ಭಗಳು ಗಂಟೆಗೆ ೩೦ ಮುಟ್ಟಿದರೆ ರೋಗವು ತೀವ್ರವೆಂದು ಅರ್ಥ. ಇಂಥವರು ಎಂಟು ಗಂಟೆ ಮಲಗಿದ್ದರೂ ಹಗಲಿನಲ್ಲಿ ತೂಕಡಿಸುತ್ತಾರೆ. ವಾಹನ ನಡೆಸುವಾಗ ಅಪಾಯಕ್ಕೀಡಾಗುತ್ತಾರೆ. ಅವರಲ್ಲಿ ರಕ್ತದ ಒತ್ತಡ ಏರುವ ಸಂಭವವೂ ಹೆಚ್ಚು.

ಗಾಳಿಯೇ ಊರುಗೋಲು

ಒಂದು ಕಾಲದಲ್ಲಿ ತೀವ್ರ ರೋಗಿಗಳಿಗೆ ಇದ್ದ ನಂಬಿಕೆಯ ಚಿಕಿತ್ಸೆಯೆಂದರೆ ಕತ್ತಿನ ಮುಂಭಾಗದಲ್ಲಿ ಶ್ವಾಸನಾಳಕ್ಕೆ ರಂಧ್ರ ಮಾಡುವುದು. ೧೯೮೧ರಲ್ಲಿ ಆಸ್ಟ್ರೇಲಿಯದ ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ ಮತ್ತು ಅವರ ಸಂಗಡಿಗರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬೇರೊಂದು ಉಪಾಯವನ್ನು ಪ್ರಕಟಿಸಿದರು. ಐವರು ರೋಗಿಗಳ ಮೂಗಿನ ಮೂಲಕ ಅವರು ಎಡೆಬಿಡದೆ ಗಾಳಿಯನ್ನು ಒತ್ತಿದರು. ಕೇವಲ ೪.೫ರಿಂದ ೧೦ ಸೆಂಟಿಮೀಟರ್ ನೀರಿನ ಎತ್ತರಕ್ಕೆ ಸಮನಾದ ಒತ್ತಡ ಸಾಕಾಯಿತು. ಮುಚ್ಚುತ್ತಿದ್ದ ಗಂಟಲು ತೆರೆದೇ ನಿಂತಿತು. ವಾಯುಮಂಡಲದ ಒತ್ತಡವು ೧,೦೦೦ ಸೆಂಟಿಮೀಟರಿಗೂ ಮಿಕ್ಕ ನೀರಿನ ಎತ್ತರಕ್ಕೆ ಸಮವೆಂಬುದನ್ನು ನೆನೆದರೆ, ಇದೆಷ್ಟು ಅಲ್ಪವಾದ ಒತ್ತಡವೆಂಬುದು ತಿಳಿಯುತ್ತದೆ. ಮೊದಮೊದಲ ಯಂತ್ರಗಳಲ್ಲಿ ಕಸ ಹೀರುವ ಯಂತ್ರದ ಮೋಟಾರನ್ನೇ ತಿರುಗುಮುರುಗಾಗಿ ಬಳಸಿದ್ದರು. ಇಂದು ಇದು ಹಾಸಿಗೆಯ ಪಕ್ಕದ ಮೇಜಿನ ಮೇಲೆ ಕೂಡುವ ಪುಟ್ಟ ಪೆಟ್ಟಿಗೆ. ಸಿಪ್ಯಾಪ್ ಎಂಬುದು ಇದರ ಹೆಸರು. ಅದರಿಂದ ಹೊರಟ ಕೊಳವೆಯ ತುದಿಯಲ್ಲಿ ಮೂಗನ್ನು ಮುಚ್ಚುವ ಮಾಸ್ಕು ಇರುತ್ತದೆ.

ಯಂತ್ರವು ರೋಗವನ್ನು ಗುಣಪಡಿಸುವುದಿಲ್ಲ. ಊರುಗೋಲಿನಂತೆ, ಹಿಡಿದಿರುವಷ್ಟು ಹೊತ್ತು ಆಸರೆ ಕೊಡುತ್ತದೆ. ಮಾಸ್ಕನ್ನು ತೆಗೆದಿಟ್ಟ ರಾತ್ರಿ ಗಂಟಲು ಮತ್ತೆ ಮುಚ್ಚುತ್ತದೆ. ಆದುದರಿಂದ ಅದನ್ನು ತೊಡಲು ಬೇಸರ ತರಿಸುವ ಸಣ್ಣ ತೊಂದರೆಯೂ ಇಲ್ಲಿ ದೊಡ್ಡದಾಗುತ್ತದೆ. ಅಂಥವುಗಳಲ್ಲಿ ಒಂದು, ಬಾಯಿ ಒಣಗುವುದು. ನಡುರಾತ್ರಿಯಲ್ಲಿ ಎಚ್ಚರವಾದಾಗ ನಾಲಿಗೆ ಅಂಗುಳಕ್ಕೆ ಅಂಟಿರುತ್ತದೆ, ಗಂಟಲು ಉರಿಯುತ್ತದೆ, ಎಂಜಲು ನುಂಗಲು ಹೋದರೆ ಎಂಜಲೇ ಇರುವುದಿಲ್ಲ. ನೀರು ಕುಡಿದು ಮಲಗಿದರೆ ಗಂಟೆಯೊಳಗೆ ಮತ್ತೆ ಅದೇ ಪಾಡು. ಬೇಸತ್ತವರು ಮಾಸ್ಕನ್ನು ಕಿತ್ತಿಡುತ್ತಾರೆ. ಕುಡಿದ ನೀರು ಏಕೆ ಉಪಯೋಗಕ್ಕೆ ಬಾರದು? ಈ ಪ್ರಶ್ನೆಯ ಬೆನ್ನು ಹತ್ತಿದರೆ ಪರಿಹಾರದ ದಾರಿಯೂ ಕಾಣುತ್ತದೆ.

ಮೂಗಿನ ಜಮಾಖರ್ಚು

ಬಾಯಿಯನ್ನು ಒದ್ದೆಯಾಗಿಡುವುದು ಲಾಲಾರಸ. ಕಿವಿಯ ಮುಂದೆ, ಕೆಳದವಡೆಯ ಅಡಿಯಲ್ಲಿ ಮತ್ತು ನಾಲಿಗೆಯ ಕೆಳಗೆ ಇರುವ ಮೂರು ಜೊತೆ ದೊಡ್ಡ ಗ್ರಂಥಿಗಳು ದಿನಕ್ಕೆ ಸುಮಾರು ಅರ್ಧದಿಂದ ಒಂದೂವರೆ ಲೀಟರಿನಷ್ಟು ಲಾಲಾರಸವನ್ನು ಸುರಿಸುತ್ತವೆ. ಇದು ಬಹುಮಟ್ಟಿಗೆ ಹಗಲಿನ ಸಂಪಾದನೆ. ನಿದ್ರೆಯಲ್ಲಿ ಈ ಒರತೆ ಬಹುತೇಕ ನಿಂತುಹೋಗುತ್ತದೆ. ಆದುದರಿಂದ ರಾತ್ರಿ ಬಾಯಿಯಲ್ಲಿ ಉಳಿದಿರುವುದು ತೆಳುವಾದೊಂದು ಪದರ ಮಾತ್ರ. ಅದು ಆರಿಹೋದರೆ ಒಡನೆಯೇ ತುಂಬಿಕೊಡುವವರಿಲ್ಲ.

ಇನ್ನು ಮೂಗಿನ ಕೆಲಸವನ್ನು ನೋಡೋಣ. ಶ್ವಾಸಕೋಶಕ್ಕೆ ತಲಪುವ ಗಾಳಿಯು ೩೭ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿದ್ದು, ನೀರಾವಿಯಿಂದ ಪೂರ್ಣ ತುಂಬಿರಬೇಕು. ಅಂಥ ಒಂದು ಲೀಟರ್ ಗಾಳಿಯಲ್ಲಿ ೪೪ ಮಿಲಿಗ್ರಾಂ ನೀರಿರುತ್ತದೆ. ಕೋಣೆಯ ಗಾಳಿ ೨೨ ಡಿಗ್ರಿಯಲ್ಲಿ ಅರ್ಧದಷ್ಟು ಮಾತ್ರ ತುಂಬಿದ್ದರೆ, ಅದರಲ್ಲಿ ಲೀಟರಿಗೆ ಸುಮಾರು ೧೦ ಮಿಲಿಗ್ರಾಂ ನೀರು. ಉಳಿದ ೩೪ ಮಿಲಿಗ್ರಾಮನ್ನು ಮೂಗು, ಗಂಟಲು ಮತ್ತು ಶ್ವಾಸನಾಳಗಳ ಒದ್ದೆ ಗೋಡೆಗಳೇ ಕೊಡಬೇಕು. ಉಸಿರಿಗೆ ಅರ್ಧ ಲೀಟರಿನಂತೆ ನಿಮಿಷಕ್ಕೆ ೧೪ ಉಸಿರು ಎಂದಿಟ್ಟುಕೊಂಡರೆ, ಎಂಟು ಗಂಟೆಯಲ್ಲಿ ೩,೩೬೦ ಲೀಟರ್ ಗಾಳಿಯಾಯಿತು. ಅದಕ್ಕೆ ಬೇಕಾದ ನೀರು ಸುಮಾರು ೧೧೪ ಗ್ರಾಂ.

ಆದರೆ ಮೂಗು ಜಾಣ ಗೃಹಿಣಿಯಂತೆ. ಕೊಟ್ಟದ್ದರಲ್ಲಿ ಒಂದಂಶವನ್ನು ಹಿಂದಕ್ಕೆ ಪಡೆಯುತ್ತದೆ. ಒಳಹೋಗುವ ಗಾಳಿಗೆ ನೀರನ್ನೂ ಶಾಖವನ್ನೂ ಕೊಟ್ಟು ಅದರ ಗೋಡೆ ತಂಪಾಗಿರುತ್ತದೆ. ಬೆಚ್ಚಗಿನ ಉಸಿರು ಹೊರಬರುವಾಗ ಆ ತಂಪಾದ ಗೋಡೆಗೆ ತಾಗಿ, ಅದರ ನೀರಾವಿಯ ಒಂದು ಭಾಗ ಮತ್ತೆ ನೀರಾಗಿ ಅಲ್ಲಿಯೇ ಉಳಿಯುತ್ತದೆ. ತಣ್ಣೀರು ತುಂಬಿದ ಲೋಟದ ಹೊರಮೈಯಲ್ಲಿ ಹನಿ ಮೂಡುವುದೂ ಇದೇ ನಿಯಮದಿಂದ. ಹೀಗೆ ಕೊಟ್ಟ ನೀರಿನ ಕಾಲು ಭಾಗದಿಂದ ಮೂರನೆಯ ಒಂದು ಭಾಗದಷ್ಟು ಮರಳಿ ಬರುತ್ತದೆ. ಈ ಜಮಾಖರ್ಚು ಸರಿಹೋಗಬೇಕಾದರೆ ಗಾಳಿಯು ಹೋದ ದಾರಿಯಲ್ಲಿಯೇ ಹಿಂದಿರುಗಬೇಕು.

ಒಮ್ಮುಖದ ಹರಿವು

ಯಂತ್ರವು ಗಾಳಿಯಲ್ಲಿನ ನೀರನ್ನು ಹೀರಿ ಒಣಗಿಸುತ್ತದೆ ಎಂದು ಹಲವರು ಭಾವಿಸಿದ್ದಾರೆ. ಇದು ಸರಿಯಲ್ಲ. ಅದು ಕೋಣೆಯ ಗಾಳಿಯನ್ನೇ, ಅದರಲ್ಲಿದ್ದಷ್ಟೇ ನೀರಿನೊಡನೆ ಒತ್ತಿ ಕಳಿಸುತ್ತದೆ. ಬಾಯಿ ಒಣಗುವ ಮುಖ್ಯ ಕಾರಣ, ಒತ್ತಿದ ಗಾಳಿ ಬಾಯಿಯಿಂದ ಸೋರುವುದು.

ಮೂಗಿನಿಂದ ಬಂದ ಒತ್ತಡವು ಸಾಮಾನ್ಯವಾಗಿ ಹಿಂದಂಗುಳವನ್ನು ನಾಲಿಗೆಗೆ ಒತ್ತಿ ಹಿಡಿದು, ಬಾಯಿಯ ದಾರಿಯನ್ನು ಮುಚ್ಚಿರುತ್ತದೆ. ಗಾಢನಿದ್ರೆಯಲ್ಲಿ ದವಡೆ ಜೋತುಬಿದ್ದು ನಾಲಿಗೆ ಸರಿದರೆ ಆ ಮುಚ್ಚಳ ತೆರೆದುಕೊಳ್ಳುತ್ತದೆ. ಆಗ ಗಾಳಿಯು ಮೂಗಿನಿಂದ ನುಗ್ಗಿ ಶ್ವಾಸಕೋಶದತ್ತ ತಿರುಗದೆ ನೇರವಾಗಿ ಬಾಯಿಯಿಂದ ಹೊರಬೀಳುತ್ತದೆ. ಇದು ಉಸಿರಾಟದಂತೆ ಹೋಗಿ ಬರುವ ಗಾಳಿಯಲ್ಲ. ಒಂದೇ ದಿಕ್ಕಿಗೆ ಬೀಸುವ ಗಾಳಿ. ಮೂಗು ಪ್ರತಿ ಲೀಟರಿಗೂ ನೀರು ಕೊಡುತ್ತಲೇ ಇರಬೇಕು. ಮರಳಿ ಬರುವುದೇನೂ ಇಲ್ಲ.

ಸೋರುವ ಗಾಳಿ ನಿಮಿಷಕ್ಕೆ ೩೦ ಲೀಟರ್ ಎಂದೂ, ಮೂಗು ಅದಕ್ಕೆ ಲೀಟರಿಗೆ ೨೦ ಮಿಲಿಗ್ರಾಂ ನೀರು ಕೊಡುತ್ತದೆಂದೂ ಲೆಕ್ಕಕ್ಕಾಗಿ ಊಹಿಸೋಣ. ಗಂಟೆಗೆ ೩೬ ಗ್ರಾಂ ನೀರು ವೆಚ್ಚವಾಯಿತು. ಸಹಜ ಉಸಿರಾಟದಲ್ಲಿ ಮರಳಿದ ಪಾಲನ್ನು ಕಳೆದರೆ ಗಂಟೆಗೆ ವೆಚ್ಚ ಸುಮಾರು ೧೦ ಗ್ರಾಂ ಮಾತ್ರ. ಅಂದರೆ ವೆಚ್ಚವು ಮೂರು ಪಟ್ಟನ್ನೂ ಮೀರಿತು. ಗಾಳಿಗೆ ಹರವಿದ ಒದ್ದೆ ಬಟ್ಟೆಯಂತೆ ಮೂಗೂ ಗಂಟಲೂ ಬಾಯಿಯೂ ಆರುತ್ತವೆ. ಇದು ಆಯಾ ಜಾಗದಲ್ಲೇ ಆಗುವ ನಷ್ಟ. ಕುಡಿದ ನೀರು ಕ್ಷಣಕಾಲ ನಾಲಿಗೆಯನ್ನು ನೆನೆಸಿ ಹೊಟ್ಟೆಗೆ ಇಳಿಯುತ್ತದೆ. ಗಾಳಿ ಮಾತ್ರ ಬೀಸುತ್ತಲೇ ಇರುತ್ತದೆ.

ತೊಂದರೆ ಇಲ್ಲಿಗೆ ಮುಗಿಯುವುದಿಲ್ಲ. ಬಾಯಿಯಿಂದ ಗಾಳಿ ಸೋರಿದಾಗ ಮೂಗಿನ ಒಳಪದರ ಊದಿಕೊಂಡು, ಮೂಗಿನಲ್ಲಿ ಗಾಳಿಯ ಹರಿವಿಗೆ ತಡೆ ಹೆಚ್ಚುತ್ತದೆಂದು ಸಿಡ್ನಿಯ ಸಂಶೋಧಕರು ೧೯೯೬ರಲ್ಲಿ ತೋರಿಸಿದರು. ಗಾಳಿಯನ್ನು ಬೆಚ್ಚಗೆ ಮಾಡಿ ತೇವಗೊಳಿಸಿದಾಗ ಈ ತಡೆ ಬಹುಮಟ್ಟಿಗೆ ತಪ್ಪಿತು. ಬಾಯಿ ತೆರೆದುದರಿಂದ ಮೂಗು ಕಟ್ಟುತ್ತದೆ. ಮೂಗು ಕಟ್ಟಿದುದರಿಂದ ಬಾಯಿ ಇನ್ನಷ್ಟು ತೆರೆಯುತ್ತದೆ. ಈ ಚಕ್ರವನ್ನು ಎಲ್ಲಿಯಾದರೂ ಒಂದೆಡೆ ಮುರಿಯಬೇಕು.

ಹಲ್ಲುಗಳ ಹಿತಕ್ಕಾಗಿಯೂ ಇದು ಅಗತ್ಯ. ಬಾಯಿಯ ಸೂಕ್ಷ್ಮಜೀವಿಗಳು ಸಕ್ಕರೆಯಿಂದ ಆಮ್ಲವನ್ನು ತಯಾರಿಸುತ್ತವೆ; ಲಾಲಾರಸದಲ್ಲಿರುವ ಬೈಕಾರ್ಬೊನೇಟ್ ಅದನ್ನು ಶಮನಗೊಳಿಸುತ್ತದೆ. ಆಮ್ಲತೆಯ ಅಳತೆಯಾದ ಪಿಎಚ್ ಸುಮಾರು ೫.೫ಕ್ಕಿಂತ ಕೆಳಗಿಳಿದರೆ ಹಲ್ಲಿನ ಎನಾಮೆಲ್ ಕರಗತೊಡಗುತ್ತದೆ. ಬಾಯಿ ತಿಂಗಳುಗಟ್ಟಲೆ ಒಣಗಿಯೇ ಇದ್ದರೆ ಹಲ್ಲು ಹುಳುಕಾಗುವುದು ಸುಲಭ. ಮಲಗುವ ಮುನ್ನ ಫ್ಲೋರೈಡ್ ಇರುವ ಪೇಸ್ಟಿನಿಂದ ಹಲ್ಲುಜ್ಜಿ, ಬಳಿಕ ಸಿಹಿ ತಿನ್ನದಿರುವುದು ಒಳ್ಳೆಯದು.

ಪರಿಹಾರದ ಕ್ರಮ

ಮೊದಲು ಮೂಗನ್ನು ನೋಡಬೇಕು. ನೆಗಡಿ, ಅಲರ್ಜಿ ಅಥವಾ ಮೂಗಿನ ನಡುಗೋಡೆಯ ಡೊಂಕು ಇದ್ದವರ ಬಾಯಿ ತಾನಾಗಿ ತೆರೆಯುತ್ತದೆ. ಉಪ್ಪುನೀರಿನ ದ್ರಾವಣದಿಂದ ಮೂಗು ತೊಳೆಯುವುದರಿಂದಲೋ ವೈದ್ಯರು ಕೊಡುವ ಔಷಧದಿಂದಲೋ ದಾರಿ ತೆರೆದರೆ, ಅರ್ಧ ಕೆಲಸ ಆದಂತೆ. ಮೂಗು ಬಿಡಿಸುವ ಹನಿಗಳನ್ನು ಮಾತ್ರ ಕೆಲವೇ ದಿನ ಬಳಸಬೇಕು. ವಾರಗಟ್ಟಲೆ ಹಾಕಿಕೊಂಡರೆ ಅವುಗಳಿಂದಲೇ ಮೂಗು ಕಟ್ಟುತ್ತದೆ.

ಎರಡನೆಯದು ಗಾಳಿಗೆ ತೇವವನ್ನು ಕೊಡುವ ಹ್ಯೂಮಿಡಿಫೈಯರ್. ಬಿಸಿ ತಟ್ಟೆಯ ಮೇಲಿರುವ ಚಿಕ್ಕ ತೊಟ್ಟಿಯ ನೀರನ್ನು ಸವರಿಕೊಂಡು ಗಾಳಿ ಹರಿಯುತ್ತದೆ. ಬೆಚ್ಚಗಿನ ಗಾಳಿ ಹೆಚ್ಚು ನೀರನ್ನು ಹೊರಬಲ್ಲದು: ೨೨ ಡಿಗ್ರಿಯಲ್ಲಿ ಲೀಟರಿಗೆ ಸುಮಾರು ೧೯ ಮಿಲಿಗ್ರಾಂ, ೩೦ ಡಿಗ್ರಿಯಲ್ಲಿ ೩೦ ಮಿಲಿಗ್ರಾಂ. ಆದರೆ ಕೋಣೆ ತಣ್ಣಗಿದ್ದರೆ ದಾರಿಯಲ್ಲೇ ಆವಿ ನೀರಾಗಿ, ಕೊಳವೆಯಲ್ಲಿ ಗುಳುಗುಳು ಸದ್ದಾಗುತ್ತದೆ. ಮುಖಕ್ಕೂ ಹನಿ ಸಿಡಿಯುತ್ತದೆ. ಕೊಳವೆಗೆ ಬಟ್ಟೆಯ ಹೊದಿಕೆ ಹಾಕುವುದರಿಂದ, ಯಂತ್ರವನ್ನು ತಲೆಗಿಂತ ತಗ್ಗಿನಲ್ಲಿ ಇಡುವುದರಿಂದ, ಇಲ್ಲವೆ ಬಿಸಿಯಾಗುವ ಕೊಳವೆಯನ್ನು ಜೋಡಿಸುವುದರಿಂದ ಇದು ತಪ್ಪುತ್ತದೆ. ಆಷಾಢದ ಮಂಗಳೂರಿನಲ್ಲಿ ಹಿತವಾದ ಹೊಂದಿಕೆ ಚೈತ್ರದ ಕಲಬುರಗಿಯಲ್ಲಿ ಸಾಲದೆ ಹೋಗಬಹುದು. ಊರಿಗೂ ಋತುವಿಗೂ ತಕ್ಕಂತೆ ಅದನ್ನು ಬದಲಿಸಬೇಕು.

ತೊಟ್ಟಿಗೆ ಭಟ್ಟಿ ಇಳಿಸಿದ ನೀರೇ ಉತ್ತಮ. ಕೊಳವೆಬಾವಿಯ ಗಡಸು ನೀರನ್ನು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಪದರ ಕಟ್ಟುವುದನ್ನು ನಾವೆಲ್ಲ ನೋಡಿದ್ದೇವೆ. ಕುದಿಸಿದರೆ ಸೂಕ್ಷ್ಮಜೀವಿಗಳು ಸಾಯುತ್ತವೆ, ಲವಣಗಳು ಹೋಗುವುದಿಲ್ಲ. ಪ್ರತಿದಿನ ಬೆಳಿಗ್ಗೆ ಉಳಿದ ನೀರನ್ನು ಚೆಲ್ಲಿ, ತೊಟ್ಟಿಯನ್ನು ತೊಳೆದು ಒಣಗಿಸಬೇಕು.

ಮೂರನೆಯದು ಸೋರಿಕೆಯನ್ನೇ ತಡೆಯುವುದು. ಗಲ್ಲವನ್ನು ಎತ್ತಿಹಿಡಿಯುವ ಪಟ್ಟಿ ಕೆಲವರಿಗೆ ನೆರವಾಗುತ್ತದೆ. ಮತ್ತೆ ಕೆಲವರಿಗೆ ಮೂಗು ಬಾಯಿಗಳೆರಡನ್ನೂ ಮುಚ್ಚುವ ಮಾಸ್ಕು ಬೇಕಾಗಬಹುದು; ಆಗ ಎರಡು ಕಡೆಯೂ ಒತ್ತಡ ಸಮನಾಗಿ ಒಮ್ಮುಖದ ಹರಿವು ನಿಲ್ಲುತ್ತದೆ. ಆದರೆ ಅದರ ಅಂಚು ದೊಡ್ಡದಾದ್ದರಿಂದ ಕೆನ್ನೆಯ ಬಳಿ ಸೋರುವ ಸಂಭವ ಹೆಚ್ಚು. ಕೆಲವರಿಗೆ ಹೆಚ್ಚಿನ ಒತ್ತಡವೂ ಬೇಕಾಗುತ್ತದೆ. ಒತ್ತಡವು ಅಗತ್ಯಕ್ಕಿಂತ ಮಿಗಿಲಾಗಿದ್ದರೂ ಬಾಯಿ ತೆರೆದುಕೊಳ್ಳಬಹುದು. ಅದನ್ನು ತಗ್ಗಿಸುವುದು ವೈದ್ಯರ ಕೆಲಸ. ಮನೆಯಲ್ಲಿ ಮನಬಂದಂತೆ ತಿರುಗಿಸುವ ಗುಂಡಿ ಅದಲ್ಲ. ತುಟಿಗೆ ಅಂಟುಪಟ್ಟಿ ಹಚ್ಚಿಕೊಳ್ಳುವ ಸಾಹಸವನ್ನಂತೂ ವೈದ್ಯರನ್ನು ಕೇಳದೆ ಮಾಡಬಾರದು. ಮೂಗಿನ ಮಾಸ್ಕು ತೊಟ್ಟು ಮಲಗಿದ್ದಾಗ ವಿದ್ಯುತ್ತು ನಿಂತರೆ, ಉಸಿರಿಗೆ ಬಾಯಿಯೇ ದಾರಿ.

ಇಷ್ಟಾದರೂ ಬಾಯಿ ಒಣಗುತ್ತಿದ್ದರೆ ಬೇರೆ ಕಾರಣಗಳನ್ನು ಹುಡುಕಬೇಕು. ಅಲರ್ಜಿಗೆ ಮತ್ತು ಮನಸ್ಸಿನ ಖಿನ್ನತೆಗೆ ಕೊಡುವ ಕೆಲವು ಔಷಧಗಳು ಲಾಲಾರಸವನ್ನು ಕುಗ್ಗಿಸುತ್ತವೆ. ಹತೋಟಿ ತಪ್ಪಿದ ಸಿಹಿಮೂತ್ರರೋಗ, ಲಾಲಾಗ್ರಂಥಿಗಳನ್ನೇ ಕೆಡಿಸುವ ಷೋಗ್ರೆನ್ ರೋಗ ಇವೂ ಕಾರಣವಾಗಬಹುದು. ಹಗಲಿನಲ್ಲಿಯೂ ಬಾಯಿ ಒಣಗಿರುವವರು ಯಂತ್ರವನ್ನಷ್ಟೇ ದೂರದೆ, ವೈದ್ಯರಿಗೆ ಇದನ್ನು ತಿಳಿಸಬೇಕು.

ಇಂದಿನ ಅನೇಕ ಯಂತ್ರಗಳು ಪ್ರತಿರಾತ್ರಿ ಎಷ್ಟು ಗಾಳಿ ಸೋರಿತು, ಎಷ್ಟು ಗಂಟೆ ಮಾಸ್ಕು ತೊಟ್ಟಿದ್ದರು ಎಂಬುದನ್ನು ಬರೆದಿಡುತ್ತವೆ. ಮನೆಯ ಹಿರಿಯರಿಗೆ ಆ ಸಣ್ಣ ಅಕ್ಷರಗಳನ್ನು ಓದುವುದು ಕಷ್ಟವಾದರೆ ವಿದ್ಯಾರ್ಥಿಗಳು ಓದಿಕೊಡಬಹುದು. ಒಂದು ವಾರ ಆ ಅಂಕಿಗಳನ್ನೂ, ಬೆಳಿಗ್ಗೆ ಬಾಯಿ ಹೇಗಿತ್ತೆಂಬುದನ್ನೂ ಪಕ್ಕಪಕ್ಕದಲ್ಲಿ ಬರೆದಿಟ್ಟು ವೈದ್ಯರಿಗೆ ತೋರಿಸಿದರೆ, ಸೋರಿಕೆ ಎಲ್ಲಿಯದೆಂದು ಗುರುತಿಸುವುದು ಅವರಿಗೆ ಸುಲಭವಾಗುತ್ತದೆ. ಅಲ್ಲಿಯವರೆಗೆ ಮಾಸ್ಕನ್ನು ಕಿತ್ತಿಡದಂತೆ ಹಿರಿಯರ ಮನವೊಲಿಸುವುದೂ ಆ ಮನೆಯ ಮಕ್ಕಳಿಂದ ಆಗಬಹುದಾದ ಕೆಲಸ.