ಜನ್ಮದಿನ ಒಂದು ದಿನ ಹಿಂದೆ ಸರಿದಾಗ

ಶಾಲಾ ಪ್ರವೇಶದ ಅರ್ಜಿ ನಮೂನೆಯೊಂದನ್ನು ನೀವು ಜಾವಾಸ್ಕ್ರಿಪ್ಟ್ ಬಳಸಿ ಸಿದ್ಧಪಡಿಸಿದ್ದೀರಿ ಎಂದಿಟ್ಟುಕೊಳ್ಳಿ. ಪೋಷಕರು ಮಗುವಿನ ಜನ್ಮದಿನಾಂಕವನ್ನು 2020ರ ಜೂನ್ 1 ಎಂದು ತುಂಬುತ್ತಾರೆ. ದಾಖಲೆಯಲ್ಲಿ ನೋಡಿದರೆ ಮೇ 31 ಎಂದಿದೆ! ವಯೋಮಿತಿಯ ಲೆಕ್ಕದಲ್ಲಿ ಒಂದು ದಿನದ ವ್ಯತ್ಯಾಸವೂ ಸಣ್ಣದಲ್ಲ. ಹಾಗಾದರೆ ತಪ್ಪಿದ್ದೆಲ್ಲಿ?

ಜಾವಾಸ್ಕ್ರಿಪ್ಟಿನ 'ಡೇಟ್' ಹೆಸರಿಗೆ ಮಾತ್ರ ದಿನಾಂಕ. ಅದರೊಳಗೆ ಇರುವುದು ಒಂದೇ ಒಂದು ಸಂಖ್ಯೆ. 1970ರ ಜನವರಿ 1ರಂದು ಯುಟಿಸಿ, ಅಂದರೆ ವಿಶ್ವವೇಳೆಯ ಪ್ರಕಾರ ಮಧ್ಯರಾತ್ರಿ 12 ಗಂಟೆಯಿಂದ ಎಣಿಸಿದ ಮಿಲಿಸೆಕೆಂಡುಗಳೇ ಆ ಸಂಖ್ಯೆ. ಒಂದು ದಿನಕ್ಕೆ 8,64,00,000 ಮಿಲಿಸೆಕೆಂಡುಗಳು.

ಭಾರತೀಯ ಪ್ರಮಾಣವೇಳೆ ವಿಶ್ವವೇಳೆಗಿಂತ 5 ಗಂಟೆ 30 ನಿಮಿಷ ಮುಂದಿದೆ. ನಮ್ಮಲ್ಲಿ ಜೂನ್ 1 ಆರಂಭವಾಗುವ ಕ್ಷಣದಲ್ಲಿ ವಿಶ್ವವೇಳೆ ಇನ್ನೂ ಮೇ 31ರ ಸಂಜೆ 6.30. ವರ್ಷ, ತಿಂಗಳು, ದಿನಗಳನ್ನು ಸಂಖ್ಯೆಗಳಾಗಿ ಕೊಟ್ಟರೆ ಡೇಟ್ ಅದನ್ನು ಸ್ಥಳೀಯ ಮಧ್ಯರಾತ್ರಿ ಎಂದು ತಿಳಿಯುತ್ತದೆ. ಆದರೆ 'ಟುಐಎಸ್ಒಸ್ಟ್ರಿಂಗ್' ಎಂಬ ಆದೇಶ ಅದನ್ನು ವಿಶ್ವವೇಳೆಯಲ್ಲಿ ಬರೆದುಕೊಡುತ್ತದೆ. ಅದರ ಮೊದಲ ಹತ್ತು ಅಕ್ಷರಗಳನ್ನು ಕತ್ತರಿಸಿ ಉಳಿಸಿದರೆ ಜನ್ಮದಿನ ಒಂದು ದಿನ ಹಿಂದೆ ಸರಿಯಿತೆಂದೇ ಅರ್ಥ.

ಇದರ ವಿರುದ್ಧ ದಿಕ್ಕಿನ ತೊಡಕೂ ಇದೆ. '2020-06-01' ಎಂದು ಅಕ್ಷರರೂಪದಲ್ಲಿ ಕೊಟ್ಟರೆ ಡೇಟ್ ಅದನ್ನು ವಿಶ್ವವೇಳೆಯ ಮಧ್ಯರಾತ್ರಿ ಎಂದು ಓದುತ್ತದೆ. ಬೆಂಗಳೂರಿನ ಗಣಕದಲ್ಲಿ ಅದು ಜೂನ್ 1ರ ಬೆಳಿಗ್ಗೆ 5.30, ನ್ಯೂಯಾರ್ಕಿನಲ್ಲಿ ಮೇ 31ರ ರಾತ್ರಿ 8. ಇಲ್ಲಿ ಪರೀಕ್ಷಿಸಿದಾಗ ಸರಿಯಾಗಿದ್ದ ಪ್ರೋಗ್ರಾಮ್ ಅಲ್ಲಿ ತಪ್ಪುತ್ತದೆ.

ಇನ್ನೂ ಎರಡು ಸಂಗತಿಗಳನ್ನು ನೆನಪಿಡಿ. ತಿಂಗಳುಗಳ ಎಣಿಕೆ ಸೊನ್ನೆಯಿಂದ ಆರಂಭ. ಜೂನ್‌ಗೆ 6 ಅಲ್ಲ, 5 ಎಂದು ಕೊಡಬೇಕು. ಎರಡನೆಯದಾಗಿ, 2023ರ ಫೆಬ್ರವರಿ 30 ಎಂದು ಸಂಖ್ಯೆಗಳಲ್ಲಿ ಕೊಟ್ಟರೂ ಡೇಟ್ ಆಕ್ಷೇಪಿಸದೆ ಮಾರ್ಚ್ 2 ಎಂದು ತೆಗೆದುಕೊಳ್ಳುತ್ತದೆ. ಪೈಥಾನ್ ಭಾಷೆಯಾದರೋ ಇಂಥ ದಿನಾಂಕವನ್ನು ದೋಷವೆಂದು ನಿರಾಕರಿಸುತ್ತದೆ. ಆದ್ದರಿಂದ ಜಾವಾಸ್ಕ್ರಿಪ್ಟಿನಲ್ಲಿ ಈ ಪರೀಕ್ಷೆಯನ್ನು ನೀವೇ ಬರೆಯಬೇಕು: ಡೇಟ್ ಮರಳಿಸಿದ ದಿನ, ತಿಂಗಳು ನೀವು ಕೊಟ್ಟದ್ದಕ್ಕೆ ಹೊಂದುತ್ತವೆಯೇ ಎಂದು ಹೋಲಿಸಿದರೆ ಸಾಕು.

ಪರಿಹಾರ ಸರಳ. ಹಣ ಪಾವತಿ, ಅರ್ಜಿ ಸಲ್ಲಿಕೆಯಂಥ ಘಟನೆಗಳು ಒಂದು ನಿರ್ದಿಷ್ಟ ಕ್ಷಣದಲ್ಲಿ ನಡೆಯುತ್ತವೆ. ಅವನ್ನು ವಿಶ್ವವೇಳೆಯಲ್ಲಿ ಉಳಿಸಿ, ತೋರಿಸುವಾಗ ಮಾತ್ರ ಸ್ಥಳೀಯ ವೇಳೆಗೆ ಬದಲಿಸಿ. ಜನ್ಮದಿನ ಕ್ಷಣವಲ್ಲ, ಪಂಚಾಂಗದ ಒಂದು ದಿನ. ಅದಕ್ಕೆ ಗಂಟೆಯನ್ನು ಅಂಟಿಸದೆ ವರ್ಷ-ತಿಂಗಳು-ದಿನ ಎಂದು ಅಕ್ಷರರೂಪದಲ್ಲೇ ಇಡಿ. ಆಗ ಯಾವ ದೇಶದಲ್ಲಿ ತೆರೆದರೂ ಮಗು ಹುಟ್ಟಿದ್ದು ಜೂನ್ 1ರಂದೇ!